ತುಮಕೂರಲ್ಲಿ ಹಳೇ ಯೆಜ್ಡಿ ಬೈಕ್ ವೈರಿಂಗ್ ನೋಡೋರು ಬೇಕಾ? ಇವ್ರತ್ರ ಹೋಗಿ, ಆದ್ರೆ ರಜಾ ಹಾಕಿ ಹೋಗಿ

ಬೋರ್ಡ್ ಇಲ್ಲ, ಬಿಲ್ ಕೊಡಲ್ಲ, ಫೋನ್ ಮಾಡಿದ್ರೆ ಹತ್ತಕ್ಕೆ ಒಂದ್ಸಲ ಎತ್ತುತಾರೆ, ಕೂರಕ್ಕೆ ಜಾಗ ಅಂದ್ರೆ ತಲೆಕೆಳಗೆ ಮಾಡಿಟ್ಟಿರೋ ಒಂದು ಹಳೇ ಲಾರಿ ಬ್ಯಾಟ್ರಿ ಡಬ್ಬಿ. ಆದ್ರೂ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ. ಅಂಗಡಿ ಇರೋದು ಗುಬ್ಬಿ ಗೇಟ್ ಕಡೆ, ಮೇನ್ ರೋಡಿಂದ ಒಳಗಡೆ ಒಂದು ಸಂದಿ, ಒಂದೇ ಶಟರ್ರು, ಎರಡು ಗಾಡಿ ನಿಲ್ಸಿದ್ರೆ ಮೂರನೇದು ರೋಡಲ್ಲೇ. ಎಲ್ರೂ ಭಾಯ್ ಅಂತಾರೆ, ಅರವತ್ತರ ಮೇಲೆ ವಯಸ್ಸಿರ್ಬೋದು, ಹೆಸರು ಹಾಕ್ಬೇಡಿ ಅಂದ್ರು, ಅದಕ್ಕೆ ಹಾಕಿಲ್ಲ. ಆ ಕಡೆ ಆಟೋ ಸ್ಟ್ಯಾಂಡಲ್ಲಿ ಹಳೇ ಗಾಡಿ ವೈರಿಂಗ್ ಭಾಯ್ ಎಲ್ಲಿ ಅಂತ ಕೇಳಿ, ತೋರಿಸ್ತಾರೆ.

ಗಾಡಿ ನಮ್ಮಪ್ಪಂದು. 1984ರ ಯೆಜ್ಡಿ 250, ಆರು ವೋಲ್ಟಿಂದು. ಅಪ್ಪ ಇಲ್ಲೇ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ರು, ಇಪ್ಪತ್ತು ವರ್ಷ ಇದೇ ಗಾಡೀಲಿ ಡ್ಯೂಟಿಗೆ ಹೋಗ್ಬಂದ್ರು. ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ ಇದು ನಮ್ಮ ಮೈಸೂರಿನ ಗಾಡಿ, ಯಾದವಗಿರಿ ಐಡಿಯಲ್ ಜಾವಾ ಫ್ಯಾಕ್ಟರೀಲಿ ಮಾಡ್ತಿದ್ರು, 1996ಕ್ಕೆ ನಿಂತೋಯ್ತು. ಈಗ ಶೋರೂಮಲ್ಲಿ ಬರೋ ಯೆಜ್ಡಿಗೂ ಇದಕ್ಕೂ ಹೆಸರು ಬಿಟ್ರೆ ಸಂಬಂಧ ಇಲ್ಲ. ಇದ್ರಲ್ಲಿ ಕಿಕ್ಕರೇ ಗೇರ್ ಲಿವರ್ರು, ಒಳಗೆ ತಳ್ಳಿ ಮೇಲೆತ್ತಿ ಕಿಕ್ ಹೊಡೀಬೇಕು, ಈಗಿನ ಹುಡುಗ್ರಿಗೆ ಕೊಟ್ರೆ ಕಿಕ್ಕರ್ ಎಲ್ಲಂತ ಹತ್ತು ನಿಮಿಷ ಹುಡುಕ್ತಾರೆ.

ಹೋದ್ವರ್ಷ ದುಡ್ಡು ಖರ್ಚು ಮಾಡಿ ಬೆಂಗಳೂರಲ್ಲಿ ಒಂದ್ಕಡೆ ಪೂರ್ತಿ ರಿಸ್ಟೋರ್ ಮಾಡಿಸ್ದೆ. ಫ್ರೇಮಿಗೆ ಪೌಡರ್ ಕೋಟಿಂಗು, ಟ್ಯಾಂಕಿಗೆ ಹೊಸ ಕ್ರೋಮು, ಸೀಟು, ಎಲ್ಲ. ನೋಡಕ್ಕೆ ಮದ್ವೆ ಗಂಡು. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಮಾಡ್ತಾರಲ್ಲ, ಅದಕ್ಕೆ ಬೆಂಗಳೂರಿಗೆ ಹೋಗಿ, ನಾಲ್ಕು ಜನ ಫೋಟೋ ತೆಗೆದು, ನಾನೂ ಉಬ್ಬೋಗಿ, ಸಂಜೆ ವಾಪಸ್ ಬರ್ತಿದ್ರೆ ದಾಬಸ್‌ಪೇಟೆ ಹತ್ರ ಬರೋಷ್ಟೊತ್ತಿಗೆ ಕತ್ಲಾಯ್ತು, ಹೆಡ್‌ಲೈಟ್ ಹಾಕ್ದೆ, ಹತ್ತು ನಿಮಿಷಕ್ಕೆ ಹೆಡ್‌ಲೈಟು ಊದಿನಕಡ್ಡಿ ಕೆಂಡ ಆಗೋಯ್ತು, ಆಮೇಲೆ ಇಂಜಿನ್ನೂ ಬಿಕ್ಕಳಿಸಕ್ಕೆ ಶುರು ಮಾಡ್ತು, ಆಮೇಲೆ ಸ್ತಬ್ಧ. ಹೈವೇ ಪಕ್ಕದಲ್ಲಿ ಲಾರಿಗಳು ಹೋಗೋ ಗಾಳಿಗೆ ಗಾಡಿ ಅಲ್ಲಾಡ್ತಿದೆ, ನಾನು ಮೊಬೈಲ್ ಟಾರ್ಚ್ ಹಿಡ್ಕೊಂಡು ಏನ್ ನೋಡ್ಬೇಕು ಅಂತಾನೇ ಗೊತ್ತಾಗ್ದೆ ನಿಂತಿದೀನಿ. ಕೊನೆಗೆ ಟಾಟಾ ಏಸ್ ಮೇಲೆ ಹಾಕ್ಕೊಂಡು ಮನೆಗೆ ಬಂದಿದ್ದು. ಅಪ್ಪ ಗೇಟ್ ಹತ್ರ ನಿಂತಿದ್ರು, ಏನೂ ಕೇಳ್ಲಿಲ್ಲ. ಕೇಳಿದ್ರೇ ವಾಸಿ ಇತ್ತು.

ಆಮೇಲೆ ಶುರುವಾಯ್ತು ನೋಡಿ. ರಿಸ್ಟೋರ್ ಮಾಡಿದೋರಿಗೆ ಫೋನ್ ಮಾಡಿದ್ರೆ ಬ್ಯಾಟ್ರಿ ಇರ್ಬೇಕು ಸಾರ್ ಅಂದ್ರು. ಇಲ್ಲೇ ಊರಲ್ಲಿ ಒಂದು ಗ್ಯಾರೇಜಿಗೆ ಬಿಟ್ಟೆ (ಹೆಸ್ರು ಬೇಡ). ಅವ್ರು ಬ್ಯಾಟ್ರಿ ಹೊಸಾದು ಹಾಕಿದ್ರು. ಒಂದು ವಾರ ಚೆನ್ನಾಗಿತ್ತು, ಯಾಕೆ ಚೆನ್ನಾಗಿತ್ತು ಅಂತ ಈಗ ಗೊತ್ತು, ಹೊಸ ಬ್ಯಾಟ್ರಿ ಚಾರ್ಜ್ ಆಗಿ ಬಂದಿರತ್ತೆ, ಅದು ಖಾಲಿ ಆಗೋವರ್ಗೂ ಓಡ್ತು ಅಷ್ಟೆ. ಆಮೇಲೆ ಇಗ್ನಿಷನ್ ಕಾಯಿಲ್ ಹೋಗಿದೆ ಅಂದ್ರು, ಹಾಕ್ಸ್ದೆ. ಆಮೇಲೆ ರೆಗ್ಯುಲೇಟ್ರು (ಡೈನಮೋ ಕರೆಂಟನ್ನ ಹದ ಮಾಡಿ ಬ್ಯಾಟ್ರಿಗೆ ಕಳ್ಸೋದು), ಎಲ್ಲೋ ತರಿಸಿ ಹೊಸಾದು ಹಾಕಿದ್ರು. ಆಮೇಲೆ ಪಾಯಿಂಟು (ಕಾಯಿಲ್ ಕರೆಂಟನ್ನ ಕಿಡಿಗೋಸ್ಕರ ತೆರೆದು ಮುಚ್ಚೋ ಸಣ್ಣ ಸ್ವಿಚ್ಚು), ಕಂಡೆನ್ಸರ್ರು. ಒಟ್ಟು 7,400 ರೂಪಾಯಿ, ಗಾಡಿ ಕಥೆ ಮಾತ್ರ ಅದೇ, ಹಗಲು ಓಡತ್ತೆ, ರಾತ್ರಿ ಸಾಯತ್ತೆ. ಕೊನೆಗೆ ಅವ್ರು ಹೇಳಿದ್ದು, ಇದನ್ನೆಲ್ಲ ಕಿತ್ತಾಕಿ ಹನ್ನೆರಡು ವೋಲ್ಟಿಗೆ ಕನ್ವರ್ಟ್ ಮಾಡಿಸ್ಬಿಡಿ ಸಾರ್, ಇನ್ನೊಂದು ಹದಿನೈದು ಸಾವಿರ ಆಗತ್ತೆ ಅಂತ. ಅಲ್ಲಿಗೆ ನನಗೆ ಸಾಕಾಯ್ತು.

ಭಾಯ್ ಹತ್ರ ಮೊದಲ್ನೇ ಸಲ ಹೋದಾಗ ಗಾಡಿ ಮುಟ್ಲೇ ಇಲ್ಲ. "ಇವತ್ತಾಗಲ್ಲ ಸ್ವಾಮಿ, ಬುಧವಾರ ಬೆಳಿಗ್ಗೆ ಬನ್ನಿ, ಬಿಟ್ಟೋಗಂಗಿಲ್ಲ, ನೀವೂ ಇರ್ಬೇಕು" ಅಂದ್ರು. ಒಂಥರಾ ಡಾಕ್ಟ್ರು ಅಪಾಯಿಂಟ್ಮೆಂಟು. ಇನ್ನೊಂದು ಮಾತು ಕೇಳಿದ್ರು, ಬಿಚ್ಚಿದ ಹಳೇ ಸಾಮಾನು ಬಿಸಾಕಿಲ್ಲ ತಾನೆ? ಬರ್ತಾ ತಗೊಂಡ್ಬನ್ನಿ ಅಂತ. ಪುಣ್ಯಕ್ಕೆ ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟಿದ್ದೆ. ನೀವೂ ಹಳೇ ಗಾಡಿ ಇಟ್ಕೊಂಡಿದ್ರೆ ಗ್ಯಾರೇಜಿಂದ ಹಳೇ ಪಾರ್ಟ್ ಬಿಟ್ಟು ಬರ್ಬೇಡಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಬುಧವಾರ ಹೋದ್ರೆ ಇಪ್ಪತ್ತು ನಿಮಿಷ ಬರೀ ಪ್ರಶ್ನೆ. ಯಾವಾಗಿಂದ ಹಿಂಗೆ? ಅದಕ್ಕೆ ಮುಂಚೆ ಗಾಡಿಗೆ ಏನ್ ಕೆಲ್ಸ ಆಗಿತ್ತು? ಕೆಂಪು ಲೈಟು ಆರತ್ತಾ? ಬ್ರೇಕ್ ಹಿಡಿದ್ರೆ ಹೆಡ್‌ಲೈಟು ಕುಗ್ಗತ್ತಾ? ಹಾರನ್ ಹೊಡೆದ್ರೆ? ನಾನು ಕೆಂಪು ಲೈಟು ಒಂದ್ಸಲ ಆರತ್ತೆ ಒಂದ್ಸಲ ಆರಲ್ಲ, ಹಾರನ್ ಹೊಡೆದ್ರೆ ಎಲ್ಲಾ ಲೈಟೂ ತೂಕಡ್ಸತ್ತೆ ಅಂದೆ. ಹೂಂ ಅಂದ್ರು. ಪೌಡರ್ ಕೋಟಿಂಗ್ ಆದ್ಮೇಲೆ ಶುರುವಾಗಿದ್ದು ಅಂದಾಗ ಇನ್ನೊಂದ್ಸಲ ಹೂಂ ಅಂದ್ರು, ಈ ಸಲ ಸ್ವಲ್ಪ ಉದ್ದ. ನನಗನ್ಸತ್ತೆ ಅವ್ರಿಗೆ ಆವಾಗ್ಲೇ ಗೊತ್ತಾಗಿತ್ತು, ಆದ್ರೆ ಹೇಳ್ಲಿಲ್ಲ, ಅಳತೆ ಮಾಡ್ದೆ ಬಾಯಿ ಬಿಡೋ ಮನುಷ್ಯ ಅಲ್ಲ.

ಕೆಂಪು ಲೈಟು ಅಂದ್ರೆ ಚಾರ್ಜಿಂಗ್ ಲೈಟು. ಕೀ ಹಾಕ್ದಾಗ ಹತ್ಕೊಳತ್ತೆ, ಇಂಜಿನ್ ಸ್ಟಾರ್ಟ್ ಆಗಿ ಡೈನಮೋ ಕರೆಂಟ್ ಕೊಡಕ್ಕೆ ಶುರು ಮಾಡಿದ್ಮೇಲೆ ಆರ್ಬೇಕು. ಆರ್ಲಿಲ್ಲ ಅಂದ್ರೆ ನೀವು ಬ್ಯಾಟ್ರಿ ತಿನ್ಕೊಂಡು ಹೋಗ್ತಿದೀರ ಅಂತ ಅರ್ಥ. ಮ್ಯಾಗ್ನೆಟೋ ಗಾಡಿ ಆದ್ರೆ ಬ್ಯಾಟ್ರಿ ಸತ್ರೂ ಕಿಡಿ ಬರತ್ತೆ, ಇದ್ರಲ್ಲಿ ಕಿಡಿನೂ ಬ್ಯಾಟ್ರಿಯಿಂದ್ಲೇ, ಅದಕ್ಕೇ ದಾಬಸ್‌ಪೇಟೇಲಿ ಮೊದ್ಲು ಲೈಟು ಆಮೇಲೆ ಇಂಜಿನ್ನು ಅಂತ ಲೈನಾಗಿ ಸತ್ತಿದ್ದು. ಹಗಲು ಬರೀ ಕಾಯಿಲ್ ಎಳ್ಕೊಳೋದ್ರಿಂದ ಬ್ಯಾಟ್ರಿ ಸುಮಾರು ದೂರ ತಾಳತ್ತೆ.

ಅವ್ರ ಹತ್ರ ವೋಲ್ಟೇಜ್ ಅಳಿಯೋ ಮೀಟರ್ ಇದೆ, ಆದ್ರೆ ಜಾಸ್ತಿ ನಂಬೋದು ಎರಡು ವೈರಿಗೆ ಸೋಲ್ಡರ್ ಮಾಡಿರೋ ಒಂದು ಹೆಡ್‌ಲೈಟ್ ಬಲ್ಬನ್ನ. ಯಾಕೆ ಅಂತ ಕೇಳಿದ್ದಕ್ಕೆ ತೋರ್ಸೇ ಬಿಟ್ರು. ಡಬ್ಬಿಯಿಂದ ಒಂದು ತುಂಡು ವೈರ್ ತೆಗೆದ್ರು, ಒಳಗಡೆ ಎಳೆಗಳೆಲ್ಲ ಕಡಿದೋಗಿ ಒಂದೋ ಎರಡೋ ಎಳೆ ಉಳ್ಕೊಂಡಿರೋದು. ಮೀಟರ್ ಇಟ್ರೆ ಬೀಪ್ ಅನ್ನತ್ತೆ, ಅದ್ರ ಪ್ರಕಾರ ವೈರ್ ಸರಿಯಾಗಿದೆ. ಅದೇ ವೈರಲ್ಲಿ ಬಲ್ಬ್ ಉರ್ಸಿದ್ರೆ ಕೆಂಪಗೆ ಮುಲುಕ್ತದೆ ಅಷ್ಟೆ. ಮೀಟರ್ ಕಳ್ಸೋ ಕರೆಂಟು ನೂಲಿನಷ್ಟು, ಹೆಡ್‌ಲೈಟ್ ಎಳ್ಯೋದು ಹಗ್ಗದಷ್ಟು. "ಖಾಲಿ ಬಸ್ಸು ಸೇತುವೆ ಮೇಲೆ ಹೋಯ್ತು ಅಂತ ಲೋಡ್ ಲಾರಿ ಬಿಡಕ್ಕಾಯ್ತದಾ" ಅಂದ್ರು. ನಾನು ಇಲ್ಲೇ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿದೋನು, ಇಂಜಿನಿಯರ್ರು ಅಂತ ಹೇಳ್ಕೊಳಕ್ಕೆ ಆ ಹೊತ್ತಲ್ಲಿ ನಾಚ್ಕೆ ಆಯ್ತು.

ಆರು ವೋಲ್ಟ್ ಗಾಡೀಲಿ ಇದು ಇನ್ನೂ ಕಷ್ಟ. ಲೆಕ್ಕ ಹಾಕಿ ನೋಡಿ, 35 ವ್ಯಾಟ್ ಬಲ್ಬು ಹನ್ನೆರಡು ವೋಲ್ಟಲ್ಲಿ 3 ಆಂಪ್ ಎಳದ್ರೆ ಆರು ವೋಲ್ಟಲ್ಲಿ ಹತ್ರ ಹತ್ರ 6 ಆಂಪ್ ಎಳ್ಯತ್ತೆ. ಅದೇ ತುಕ್ಕು ಹಿಡಿದ ಕನೆಕ್ಷನ್ನಲ್ಲಿ ಎರಡರಷ್ಟು ವೋಲ್ಟೇಜ್ ಸೋರತ್ತೆ, ಅದೂ ಇರೋದೇ ಅರ್ಧ ವೋಲ್ಟೇಜಲ್ಲಿ. ಮತ್ತೆ ಬಲ್ಬ್ ಬೆಳಕು ವೋಲ್ಟೇಜ್ ಜೊತೆ ಸಮಸಮವಾಗಿ ಇಳಿಯಲ್ಲ, ಧಬಕ್ ಅಂತ ಇಳಿಯತ್ತೆ, ವೋಲ್ಟೇಜ್ 10 ಪರ್ಸೆಂಟ್ ಬಿದ್ರೆ ಬೆಳಕು ಸುಮಾರು 30 ಪರ್ಸೆಂಟ್ ಹೋಗತ್ತೆ. ಹಳೇ ಗಾಡಿ ಲೈಟು ಮಿಣುಕು ಹುಳ ಅಂತ ಎಲ್ರೂ ಆಡ್ಕೋತಾರಲ್ಲ, ಅದ್ರಲ್ಲಿ ಅರ್ಧ ತಪ್ಪು ಗಾಡೀದಲ್ಲ, ಕನೆಕ್ಷನ್ಗಳದ್ದು.

ಸರಿ, ಕೆಲಸಕ್ಕೆ ಬರೋಣ. ಮೊದ್ಲು ಬ್ಯಾಟ್ರಿ. ಇಂಜಿನ್ ಆಫಲ್ಲಿ 6.2 ವೋಲ್ಟ್ ಇತ್ತು, ಫುಲ್ ಚಾರ್ಜ್ ಆದ್ರೆ 6.3 ಇರ್ಬೇಕಂತೆ, ಪರ್ವಾಗಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಟ್ರೆ ಏಳರ ಹತ್ರ ಏರ್ಬೇಕು, ಏರ್ಲಿಲ್ಲ, ಹೆಡ್‌ಲೈಟ್ ಹಾಕಿದ್ರೆ ನೋಡ್ನೋಡ್ತಾ ಆರರ ಕೆಳಗೆ ಇಳೀತು. ಅಂದ್ರೆ ಚಾರ್ಜ್ ಆಗ್ತಿಲ್ಲ, ಇದು ಪಕ್ಕಾ. ಈಗ ತಪ್ಪು ಡೈನಮೋದಾ, ರೆಗ್ಯುಲೇಟರ್ದಾ, ನಡುವಿನ ವೈರಿಂದಾ. ಇಂಜಿನ್ ಬಲಗಡೆ ಕವರ್ ತೆಗೆದು ಡೈನಮೋ ಬ್ರಶ್ ನೋಡಿದ್ರು, ಉದ್ದ ಇದೆ. ಕಾರ್ಬನ್ ಧೂಳು ತುಂಬ್ಕೊಂಡಿತ್ತು, ಪೇಂಟ್ ಬ್ರಶ್ಶಲ್ಲಿ ಗುಡ್ಸಿ ಪೆಟ್ರೋಲ್ ಬಟ್ಟೇಲಿ ಒರ್ಸಿದ್ರು. ಆಮೇಲೆ ರೆಗ್ಯುಲೇಟರ್ ಕನೆಕ್ಷನ್ ಬಿಚ್ಚಿ ಡೈನಮೋನ ಒಂದನ್ನೇ ಬಲ್ಬಿಗೆ ಕೊಟ್ಟು ಇಂಜಿನ್ ಓಡ್ಸಿದ್ರು. ಬಲ್ಬು ಝಗ್ ಅಂತ ಹತ್ತಿತು. ಡೈನಮೋ ಕಲ್ಲುಗುಂಡು. ತುಂಬ ವರ್ಷ ಸುಮ್ನೆ ನಿಂತ ಗಾಡೀಲಿ ಡೈನಮೋದಲ್ಲಿ ಉಳಿದಿರೋ ಚೂರುಪಾರು ಮ್ಯಾಗ್ನೆಟ್ ಶಕ್ತಿನೂ ಹೋಗ್ಬಿಡತ್ತಂತೆ, ಆವಾಗ ಬ್ಯಾಟ್ರಿಯಿಂದ ಒಂದು ಕ್ಷಣ ಮುಟ್ಸಿ ಎಬ್ಬಿಸ್ಬೇಕು, ನಮ್ಮದಕ್ಕೆ ಆ ಕಥೆ ಇರ್ಲಿಲ್ಲ.

ಹಂಗಾದ್ರೆ ರೆಗ್ಯುಲೇಟ್ರು ಅಂದೆ ನಾನು. "ಹೊಸಾದು ತಾನೆ ಹಾಕಿದೀರಾ, ಅದೂ ಹೋಗಿದ್ಯಾ? ಎರಡೂ ಹೋಗೋದು ಎಲ್ಲಾರ ಉಂಟಾ" ಅಂದು ಮೀಟರ್ದು ಒಂದು ಕಡ್ಡಿ ಬ್ಯಾಟ್ರಿ ಮೈನಸ್ಸಿಗೆ, ಇನ್ನೊಂದು ರೆಗ್ಯುಲೇಟರ್ ಮೈಗೆ ಇಟ್ಟು ಇಂಜಿನ್ ಓಡ್ಸಿದ್ರು. ಎರಡೂ ಅರ್ತೇ ಅಲ್ವಾ, ಅಂದ್ರೆ ಬಾಡಿ ಮೂಲಕ ಕರೆಂಟು ವಾಪಸ್ ಹೋಗೋ ದಾರಿ, ಸೊನ್ನೆ ತೋರಿಸ್ಬೇಕು. ಒಂದೂವರೆ ವೋಲ್ಟ್ ತೋರಿಸ್ತು, ಗಾಡಿ ನಡುಗಿದಂಗೆಲ್ಲ ಅದೂ ಕುಣೀತಿತ್ತು. ಆವಾಗ ಒಂದು ದಪ್ಪ ವೈರಿನ ತುಂಡು ತಗೊಂಡು ಒಂದು ತುದಿ ರೆಗ್ಯುಲೇಟರ್ ಮೈಗೆ, ಇನ್ನೊಂದು ತುದಿ ಬ್ಯಾಟ್ರಿ ಮೈನಸ್ಸಿಗೆ ಹಿಡ್ಕೊಳಕ್ಕೆ ನನಗೆ ಹೇಳಿದ್ರು. ಹಿಡಿದೆ. ಕೆಂಪು ಲೈಟು ಆರಿತು. ಬಿಟ್ಟೆ, ಹತ್ತಿತು. ಹಿಡಿದೆ, ಆರಿತು. ಚಿಕ್ಕ ಮಗು ಥರ ನಾಲ್ಕೈದು ಸಲ ಮಾಡ್ದೆ ನಾನು, ಪಕ್ಕದಲ್ಲಿ ಅವ್ರ ಹುಡ್ಗ ನಗ್ತಿದ್ದ.

ಆಗಿದ್ದಿಷ್ಟೆ. ರೆಗ್ಯುಲೇಟರ್ ಒಳಗೆ ಕಟೌಟ್ ಅಂತ ಒಂದು ಸಣ್ಣ ಕಾಯಿಲ್ಲು, ಡೈನಮೋ ಸಾಕಷ್ಟು ವೋಲ್ಟೇಜ್ ಕೊಟ್ಟಾಗ ಅದು ಕಾಂಟ್ಯಾಕ್ಟ್ ಎಳ್ಕೊಂಡು ಡೈನಮೋನ ಬ್ಯಾಟ್ರಿಗೆ ಸೇರ್ಸತ್ತೆ. ಆ ಕಾಯಿಲ್ ಕೆಲ್ಸ ಮಾಡ್ಬೇಕು ಅಂದ್ರೆ ಅದರ ಕರೆಂಟು ರೆಗ್ಯುಲೇಟರ್ ಮೈಯಿಂದ ಬೋಲ್ಟ್ ಮೂಲಕ ಬಾಡಿಗೆ ಇಳ್ದು ಡೈನಮೋಗೆ ವಾಪಸ್ ಹೋಗ್ಬೇಕು. ಪೌಡರ್ ಕೋಟಿಂಗ್ ಅಂದ್ರೆ ಪ್ಲಾಸ್ಟಿಕ್ಕೇ, ಕರೆಂಟ್ ಬಿಡಲ್ಲ. ಬಣ್ಣ ಹೊಡೆದೋರು ಬೋಲ್ಟ್ ಕೂರೋ ಜಾಗಕ್ಕೂ ನೀಟಾಗಿ ಹೊಡೆದು ಅದ್ರ ಮೇಲೇ ಎಲ್ಲಾ ಕೂರ್ಸಿದಾರೆ. ಬೋಲ್ಟಿನ ಥ್ರೆಡ್ ಎಲ್ಲೋ ಒಂಚೂರು ತಾಗ್ತಿದ್ದಿದ್ದಕ್ಕೆ ಆಗೊಮ್ಮೆ ಈಗೊಮ್ಮೆ ಚಾರ್ಜ್ ಆಗ್ತಿತ್ತು. ನಾನು ದುಡ್ಡು ಕೊಟ್ಟು ಹಾಕ್ಸಿದ ಹೊಸ ರೆಗ್ಯುಲೇಟ್ರು ಅದೇ ಬಣ್ಣದ ಮೇಲೇ ಹೋಗಿ ಕೂತ್ಕೊಂಡ್ರೆ ಅದಾದ್ರೂ ಏನ್ ಮಾಡತ್ತೆ ಪಾಪ.

ಇದಕ್ಕೆ ಪರಿಹಾರ ಬೋಲ್ಟ್ ಕೂರೋ ಜಾಗದಲ್ಲಿ ಬಣ್ಣ ಕೆರೆಯೋದು. ಇಲ್ಲೇ ನನಗೆ ಸ್ವಲ್ಪ ಬೇಜಾರಾಗಿದ್ದು. ಸ್ಕ್ರೂಡ್ರೈವರ್ ತಗೊಂಡು ಗರಗರ ಅಂತ ಕೆರೆದ್ರು, ಒಂದ್ಕಡೆ ವಾಷರ್ ಆಚೆಗೂ ಒಂದಿಂಚು ಗೀರು ಬಿತ್ತು, ಸೈಡ್ ಬಾಕ್ಸ್ ಮುಚ್ಚಿದ್ರೆ ಕಾಣಲ್ಲ ನಿಜ, ಆದ್ರೆ ನನಗೆ ಗೊತ್ತಲ್ಲ ಅಲ್ಲಿದೆ ಅಂತ. ಸ್ವಲ್ಪ ನಾಜೂಕಾಗಿ ಮಾಡ್ಬೋದಿತ್ತು. ಅರ್ಧ ಸ್ಟಾರ್ ಅಲ್ಲೇ ಕಟ್. ಆಮೇಲೆ ಹಲ್ಲಿರೋ ವಾಷರ್ ಹಾಕಿ ಟೈಟ್ ಮಾಡಿ, ಅಷ್ಟಕ್ಕೇ ಬಿಡ್ದೆ ರೆಗ್ಯುಲೇಟರ್ ಮೈಯಿಂದ ಇಂಜಿನ್ನಿಗೂ ಅಲ್ಲಿಂದ ಬ್ಯಾಟ್ರಿ ಮೈನಸ್ಸಿಗೂ ಬೇರೆ ಕಪ್ಪು ವೈರ್ ಎಳೆದು, ಮೇಲೆ ವ್ಯಾಸಲೀನ್ ಸವರಿದ್ರು ತುಕ್ಕು ಹಿಡೀದಿರ್ಲಿ ಅಂತ. ಫ್ರೇಮನ್ನ ನಂಬ್ಕೊಂಡು ಕೂರ್ಬೇಡಿ, ಬಣ್ಣ ಇನ್ನೊಂದ್ಸಲ ಹೊಡಿಸ್ತೀರಾ, ವೈರ್ ಇದ್ರೆ ಯೋಚ್ನೆ ಇಲ್ಲ ಅಂದ್ರು.

ಅಷ್ಟಕ್ಕೇ ಮುಗೀತು ಅನ್ಕೊಂಡು ನಾನು ಪರ್ಸ್ ತೆಗೆದ್ರೆ, ಇರಿ ಅಂತ ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗ್ಸಿದ್ರು. ಪೂರ್ತಿ ಎಡಕ್ಕೆ ತಿರುಗ್ಸಿದಾಗ ಹೆಡ್‌ಲೈಟು ಒಂದು ಕಣ್ಣು ಮಿಟುಕಿಸ್ತು. ಹ್ಯಾಂಡಲ್ ತಿರುಗೋ ಕಡೆ ವೈರ್ ದಿನಾ ಬಗ್ಗಿ ಬಗ್ಗಿ ಒಳಗಡೆ ಎಳೆ ಕಡಿದೋಗಿತ್ತು, ಹೊರಗಿನ ಪ್ಲಾಸ್ಟಿಕ್ ನೋಡಿದ್ರೆ ಹೊಸಾದರ ಥರ. ಬೆಳಿಗ್ಗೆ ಡಬ್ಬಿಯಿಂದ ತೋರ್ಸಿದ್ದ ವೈರ್ ಪಾಠ ಸಾಯಂಕಾಲ ನನ್ನ ಗಾಡೀಲೇ ಬಂತು. ಆ ತುಂಡು ಬದಲಾಯಿಸಿದ್ರು, ಈ ಸಲ ಒಂಚೂರು ಸಡಿಲ ಬಿಟ್ಟು.

ಆಮೇಲೆ ಪಾಯಿಂಟ್ ನೋಡಿದ್ರು. ಶಟರ್ ಅರ್ಧ ಎಳೆದು ಕತ್ಲೆ ಮಾಡಿ ಇಂಜಿನ್ ಓಡ್ಸಿದ್ರೆ ಪಾಯಿಂಟ್ ಹತ್ರ ದಪ್ಪ ಕಿಡಿ ಚಟಚಟ ಅಂತ ಹಾರ್ತಿತ್ತು. ಕಂಡೆನ್ಸರ್ ಕೆಲ್ಸ ಇರೋದೇ ಅದನ್ನ ತಡ್ಯೋದು. ಪಾಯಿಂಟ್ ತೆರೆದಾಗ ಕರೆಂಟು ಗ್ಯಾಪಲ್ಲಿ ಹಾರಕ್ಕೆ ಹೋಗತ್ತೆ, ಕಂಡೆನ್ಸರ್ ಅದನ್ನ ನುಂಗ್ಕೊಂಡ್ರೆ ಕಾಯಿಲ್ ಒಳಗಿನ ಮ್ಯಾಗ್ನೆಟ್ ಫೀಲ್ಡು ಥಟ್ಟಂತ ಬಿದ್ದು ಪ್ಲಗ್ಗಿಗೆ ಜೋರು ಕಿಡಿ ಹೋಗತ್ತೆ, ನುಂಗ್ಲಿಲ್ಲ ಅಂದ್ರೆ ಕಿಡಿ ಪಾಯಿಂಟಲ್ಲೇ ಹಾರಿ ಪಾಯಿಂಟೂ ಸುಡತ್ತೆ, ಗಾಡಿ ಬಿಸಿ ಆದ್ಮೇಲೆ ಮಿಸ್ಸಿಂಗೂ ಬರತ್ತೆ. ಅಂದ್ರೆ ಆ ಗ್ಯಾರೇಜೋರು ಹಾಕಿದ ಹೊಸ ಕಂಡೆನ್ಸರ್ರೇ ದಂಡ! ನನ್ನ ಪ್ಲಾಸ್ಟಿಕ್ ಕವರಿಂದ 1984ರ ಹಳೇ ಕಂಡೆನ್ಸರ್ ತೆಗೆದು ಹಾಕಿದ್ರು, ದಪ್ಪ ಕಿಡಿ ಮಾಯ. ಪಾಯಿಂಟನ್ನ ಸಣ್ಣ ಅರದಲ್ಲಿ ಉಜ್ಜಿ, ಆಮೇಲೆ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರ್ಸಿ ಎಳೆದು ಒರ್ಸಿ (ಯಾವ್ದೋ ರಿಯಲ್ ಎಸ್ಟೇಟಿಂದು ಕಾರ್ಡು, ಅದು ಉಪಯೋಗಕ್ಕೆ ಬಂದಿದ್ದು ನಾನು ನೋಡಿದ್ದು ಇದೇ ಮೊದ್ಲು), ಗ್ಯಾಪ್ 0.4 ಎಂಎಂ ಇಟ್ರು. ಹಳೇ ಕಾಯಿಲ್ಲೂ ಹಳೇ ರೆಗ್ಯುಲೇಟ್ರೂ ಟೆಸ್ಟ್ ಮಾಡಿ ಎರಡೂ ಸರಿಯಾಗಿವೆ ಅಂತ ವಾಪಸ್ ಹಾಕಿದ್ರು, ಹೊಸಾವು ಬಿಚ್ಚಿ ನನ್ನ ಕೈಗೇ ಕೊಟ್ಟು ಮನೇಲಿಟ್ಕೊಳಿ ಸ್ಪೇರಿಗೆ ಅಂದ್ರು. 7,400 ರೂಪಾಯಲ್ಲಿ ಗಾಡೀಲಿ ಈಗ ಉಳ್ದಿರೋದು ಬ್ಯಾಟ್ರಿ, ಪಾಯಿಂಟು ಎರಡೇ.

ಬೆಳಿಗ್ಗೆ ಹತ್ತಕ್ಕೆ ಹೋದೋನು ಬಿಟ್ಟಿದ್ದು ಸಂಜೆ ಐದೂವರೆಗೆ. ನಡುವೆ ಅವ್ರು ಊಟಕ್ಕೆ ಒಂದು ಗಂಟೆ, ಆಟೋದೋನು ಒಬ್ಬ ಬಂದ ಅಂತ ಅರ್ಧ ಗಂಟೆ, ಟೀ ಲೆಕ್ಕ ಇಡ್ಲಿಲ್ಲ. ತಗೊಂಡಿದ್ದು 650 ರೂಪಾಯಿ, ವೈರು ವಾಷರ್ರು ಸೇರಿ. ನಾನು ಸಾವಿರ ಕೊಟ್ರೆ ಚಿಲ್ರೆ ಹುಡುಕಿ ಕೊಟ್ರು. ಹನ್ನೆರಡು ವೋಲ್ಟ್ ಮಾಡಿಸ್ಲಾ ಅಂತ ಕೇಳ್ದೆ, ಬೇಕಿದ್ರೆ ಮಾಡ್ಕೊಡ್ತೀನಿ, ಈಗ ಓಡ್ತಾ ಇರೋದನ್ನ ಯಾಕೆ ಕೀಳ್ಬೇಕು ಅಂದ್ರು. ಆದ್ರೆ ಇನ್ನೊಂದು ಮಾತನ್ನೂ ಮುಖಕ್ಕೇ ಹೇಳಿದ್ರು. ಈ ಡೈನಮೋ 45 ವ್ಯಾಟಿಂದು, ಹೆಡ್‌ಲೈಟ್ 35, ಟೈಲ್‌ಲೈಟ್ 5, ಅದ್ರ ಮೇಲೆ ಕಾಯಿಲ್ ಎಳ್ಯೋದು ಬೇರೆ, ಕೂಡ್ಸಿ ನೋಡಿ, ಸಂಬಳಕ್ಕಿಂತ ಖರ್ಚೇ ಜಾಸ್ತಿ. ಎಲ್ಲಾ ಸರಿ ಇದ್ರೂ ರಾತ್ರಿ ಬ್ಯಾಟ್ರಿ ಸ್ವಲ್ಪ ಸ್ವಲ್ಪ ಇಳೀತಾನೇ ಇರತ್ತೆ, ಒಂದೆರಡು ಗಂಟೆ ಓಡ್ಸಿ, ರಾತ್ರಿಯೆಲ್ಲ ಹುಬ್ಳಿಗೆ ಹೋಗ್ತೀನಿ ಅನ್ಬೇಡಿ ಅಂದ್ರು. ಟೈಲ್‌ಲೈಟಿಗೆ ಆರು ವೋಲ್ಟಿನ ಎಲ್‌ಇಡಿ ಸಿಕ್ರೆ ಹಾಕಿ, ಅಷ್ಟಾದ್ರೂ ಉಳಿಯತ್ತೆ ಅಂತ. ಸಾಮಾನು ಮಾರೋರು ಯಾರೂ ಈ ಲೆಕ್ಕ ನನಗೆ ಹೇಳಿರ್ಲಿಲ್ಲ.

ಯಾರು ಹೋಗ್ಬಾರ್ದು ಅಂತಾನೂ ಹೇಳ್ಬಿಡ್ತೀನಿ. ಫ್ಯೂಯಲ್ ಇಂಜೆಕ್ಷನ್ನು ಎಬಿಎಸ್ಸು ಇರೋ ಗಾಡಿ ತಗೊಂಡ್ಹೋದ್ರೆ ಅವ್ರೇ ಶೋರೂಮಿಗೆ ಹೋಗಿ ಅಂತಾರೆ. ಕಾರ್ಬುರೇಟರ್ ಕೆಲ್ಸ ಮಾಡಲ್ಲ. ಗಾಡಿ ಬಿಟ್ಟೋಗಿ ಸಂಜೆ ಬಂದು ತಗೊಂಡ್ಹೋಗೋರಿಗೆ ಆಗ್ಬರಲ್ಲ, ಅವ್ರಿಗೆ ಓನರ್ ಪಕ್ಕದಲ್ಲೇ ಇರ್ಬೇಕು, ಬಲ್ಬ್ ಹಿಡ್ಕೊಳಕ್ಕೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರ್ತಾರೆ, ಮೂರರ ಮೇಲೆ ಹೋಗಿ. ಆರು ವೋಲ್ಟ್ ಬಲ್ಬು ಫ್ಯೂಸು ನಿಮ್ಮದೇ ತಗೊಂಡ್ಹೋದ್ರೆ ಒಳ್ಳೇದು, ಅವ್ರ ಹತ್ರ ಇರೋದು ಹಳೇ ಸ್ಟಾಕು, ಅದನ್ನ ಕೊಡಕ್ಕೆ ಅವ್ರಿಗೆ ಮನ್ಸಿಲ್ಲ. ಇನ್ನರ್ಧ ಸ್ಟಾರ್ ಕಟ್ ಮಾಡಿದ್ದು ಫೋನಿಗೆ. ಬುಧವಾರ ಬನ್ನಿ ಅಂದ್ರಲ್ಲ, ಅದಕ್ಕೆ ಹಿಂದಿನ ಬುಧವಾರನೂ ಹಂಗೇ ಅಂದು, ನಾನು ಆಫೀಸಿಗೆ ರಜಾ ಹಾಕಿ ಗಾಡಿ ತಳ್ಳಿಸ್ಕೊಂಡು ಹೋದ್ರೆ ಶಟರ್ ಹಾಕಿತ್ತು, ಫೋನ್ ರಿಂಗಾಗ್ತಿದೆ, ಶಟರ್ ಒಳಗಡೆನೇ ರಿಂಗಾಗ್ತಿದೆ.

ಆಗಿ ಎರಡು ತಿಂಗಳಾಯ್ತು. ಹೋದ ಶನಿವಾರ ಅಪ್ಪನ್ನ ಹಿಂದೆ ಕೂರಿಸ್ಕೊಂಡು ಸಂಜೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಕ್ಕೆ ಹೋಗಿದ್ದೆ, ಬರ್ತಾ ಕತ್ಲಾಗಿತ್ತು, ಲೈಟ್ ಹಾಕ್ದೆ. ಬಟವಾಡಿ ದಾಟೋವರ್ಗೂ ನನ್ನ ಕಣ್ಣು ರೋಡಿಗಿಂತ ಆ ಕೆಂಪು ಲೈಟಿನ ಮೇಲೇ ಇತ್ತು, ಹತ್ಲಿಲ್ಲ. ಅಪ್ಪ ಹಿಂದಿಂದ, ಮುಂದೆ ನೋಡ್ಕೊಂಡು ಓಡ್ಸೋ ಅಂದ್ರು. ಹಾರನ್ ಮಾತ್ರ ಇನ್ನೂ ಕೆಮ್ಮತ್ತೆ, ಭಾಯ್ ಬುಧವಾರ ಬನ್ನಿ ಅಂದಿದಾರೆ, ಯಾವ ಬುಧವಾರ ಅಂತ ಹೇಳಿಲ್ಲ.